ಮಣ್ಣಿನ ಮೇಷ್ಟ್ರು ಕಾರ್ಲ್ ಟೆರ್ಜಾಗಿ

ನಮ್ಮ ಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ, ಹಳೆಯ ವಿದ್ಯಾರ್ಥಿಗಳು ತಮಗೆ ದಾರಿ ತೋರಿದ ಒಬ್ಬ ಹಿರಿಯರ ಜೀವನವನ್ನು ಬರೆದುಕೊಡಬೇಕೆಂದು ಸಂಚಿಕೆಯ ಸಮಿತಿಯವರು ಕೇಳಿದರು. ಹೆಚ್ಚಿನವರು ಗಾಂಧೀಜಿ, ವಿಶ್ವೇಶ್ವರಯ್ಯ, ಕುವೆಂಪು ಇವರನ್ನು ಆರಿಸಿಕೊಂಡಿರುತ್ತಾರೆ. ನಾನು ಆರಿಸಿಕೊಂಡವರ ಹೆಸರನ್ನು ನಮ್ಮೂರಿನಲ್ಲಿ ಬಹಳ ಜನ ಕೇಳಿರಲಾರರು. ಆದರೆ ಅವರ ಕೆಲಸದ ಸದ್ದನ್ನು ಕಾಡುಗೋಡಿಯವರೆಲ್ಲ ಕೇಳಿದ್ದೀರಿ.

ವೈಟ್‌ಫೀಲ್ಡ್ ರಸ್ತೆಯಲ್ಲಿ, ಚನ್ನಸಂದ್ರದಲ್ಲಿ, ಹೂಡಿಯಲ್ಲಿ ಹೊಸ ಕಟ್ಟಡ ಏಳುವ ಮೊದಲು ಖಾಲಿ ಸೈಟಿನಲ್ಲಿ ಮೂರು ಕಾಲಿನ ಕಬ್ಬಿಣದ ಗಳ ನಿಲ್ಲಿಸಿ, ಹಗ್ಗ ಎಳೆದು ಭಾರವಾದ ಸುತ್ತಿಗೆಯನ್ನು ಠಣ್ ಠಣ್ ಎಂದು ಬೀಳಿಸುವುದನ್ನು ನೋಡಿರುತ್ತೀರಿ. ಬೋರ್‌ವೆಲ್ ಕೊರೆಯುತ್ತಿದ್ದಾರೆಂದು ಎಷ್ಟೋ ಜನ ಬಂದು ನೀರು ಬಿತ್ತೇ ಎಂದು ವಿಚಾರಿಸುತ್ತಾರೆ. ಅದು ನೀರಿಗಾಗಿ ಅಲ್ಲ, ಮಣ್ಣಿನ ನಾಡಿ ನೋಡುವುದಕ್ಕೆ. 63.5 ಕಿಲೋ ತೂಕದ ಸುತ್ತಿಗೆ 75 ಸೆಂ.ಮೀ. ಎತ್ತರದಿಂದ ಬೀಳುತ್ತದೆ. ಮೊದಲ 15 ಸೆಂ.ಮೀ. ಬಿಟ್ಟು, ಕೊಳವೆ ಮುಂದಿನ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸಿ ಬರೆದುಕೊಳ್ಳುತ್ತಾರೆ. ಮರಳಿನಲ್ಲಿ ಹತ್ತಕ್ಕಿಂತ ಕಡಿಮೆ ಬಂದರೆ ಸಡಿಲ, ಮೂವತ್ತು ದಾಟಿದರೆ ಗಟ್ಟಿ. ಆ ಪೆಟ್ಟುಗಳನ್ನು ಎಣಿಸುವುದೇ ನನ್ನ ಕೆಲಸ. ಈ ಪರೀಕ್ಷೆಯನ್ನು ಜಗತ್ತಿಗೆಲ್ಲ ಪರಿಚಯಿಸಿದ ಪುಸ್ತಕವನ್ನು 1948ರಲ್ಲಿ ರಾಲ್ಫ್ ಪೆಕ್ ಅವರ ಜೊತೆ ಸೇರಿ ಬರೆದವರು ಕಾರ್ಲ್ ಟೆರ್ಜಾಗಿ. ಮಣ್ಣಿನ ಯಂತ್ರಶಾಸ್ತ್ರದ ಪಿತಾಮಹ ಎಂದು ಅವರನ್ನು ಕರೆಯುತ್ತಾರೆ.

ಟೆರ್ಜಾಗಿ ಹುಟ್ಟಿದ್ದು 1883ರ ಅಕ್ಟೋಬರ್ 2ರಂದು, ಪ್ರಾಗ್ ನಗರದಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿತ್ತು. ನಮ್ಮ ವಿಶ್ವೇಶ್ವರಯ್ಯನವರು ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿದ್ದೂ ಅದೇ 1883ರಲ್ಲಿ. ತಂದೆ ಸೈನ್ಯಾಧಿಕಾರಿ. ಅವರು ನಿವೃತ್ತರಾದ ಮೇಲೆ ಕುಟುಂಬ ಗ್ರಾಜ್ ಎಂಬ ಊರಿಗೆ ಬಂತು. ಕಾರ್ಲ್ ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡರು. ಹತ್ತು ವರ್ಷದ ಹುಡುಗನನ್ನು ಸೈನಿಕ ವಸತಿ ಶಾಲೆಗೆ ಸೇರಿಸಿದರು. ಅಲ್ಲಿ ಅವನಿಗೆ ಗಣಿತ ಹಿಡಿಸಿತು, ಕವಾಯತು ಹಿಡಿಸಲಿಲ್ಲ.

1900ರಲ್ಲಿ ಗ್ರಾಜ್‌ನ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಲು ಸೇರಿದರು. ಈಗಿನ ಮಕ್ಕಳಿಗೆ ಒಂದು ಮಾತು ಹೇಳಲೇಬೇಕು: ಅಲ್ಲಿ ಅವರು ಒಳ್ಳೆಯ ಹುಡುಗ ಎನಿಸಿಕೊಳ್ಳಲಿಲ್ಲ. ಪುಂಡಾಟಿಕೆಯಿಂದಾಗಿ ಕಾಲೇಜಿನಿಂದ ಹೊರಹಾಕುವ ಹಂತಕ್ಕೆ ಬಂದಿತ್ತು. ಹೇಗೋ ಉಳಿದುಕೊಂಡು 1904ರಲ್ಲಿ ಪದವಿ ಪಡೆದರು. ಆದರೆ ಯಂತ್ರಗಳಲ್ಲಿ ಅವರ ಮನಸ್ಸು ನಿಲ್ಲಲಿಲ್ಲ, ಅದು ಭೂವಿಜ್ಞಾನದ ಕಡೆ ಎಳೆಯುತ್ತಿತ್ತು. ಕಡ್ಡಾಯ ಸೈನಿಕ ಸೇವೆಯ ಒಂದು ವರ್ಷದಲ್ಲಿ ಭೂವಿಜ್ಞಾನದ ಒಂದು ಇಂಗ್ಲಿಷ್ ಕೈಪಿಡಿಯನ್ನು ಜರ್ಮನ್ ಭಾಷೆಗೆ ಅನುವಾದ ಮಾಡಿದರು. ಮರಳಿ ಬಂದು ಭೂವಿಜ್ಞಾನದ ಜೊತೆಗೆ ರಸ್ತೆ ಮತ್ತು ರೈಲು ನಿರ್ಮಾಣವನ್ನೂ ಓದಿದರು.

ಕೆಲಸಕ್ಕೆ ಸೇರಿದ ಮೇಲೆ ಅವರಿಗೆ ಒಂದು ವಿಚಿತ್ರ ಕಂಡಿತು. ಉಕ್ಕಿಗೆ ಲೆಕ್ಕವಿತ್ತು, ಕಾಂಕ್ರೀಟಿಗೆ ಲೆಕ್ಕವಿತ್ತು. ಆದರೆ ಎಲ್ಲವನ್ನೂ ಹೊತ್ತು ನಿಂತ ಮಣ್ಣಿಗೆ ಸರಿಯಾದ ಲೆಕ್ಕವೇ ಇರಲಿಲ್ಲ. ಅಣೆಕಟ್ಟು ಜಾರಿದರೆ, ಗೋಡೆ ವಾಲಿದರೆ, ಮಣ್ಣು ಕೆಟ್ಟದ್ದಿತ್ತು ಎಂದು ಹೇಳಿ ಸುಮ್ಮನಾಗುತ್ತಿದ್ದರು. ಏಕೆ ಕೆಟ್ಟದ್ದು, ಎಷ್ಟು ಕೆಟ್ಟದ್ದು ಎಂಬುದಕ್ಕೆ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತಾ 1912ರಲ್ಲಿ, ಡಾಕ್ಟರೇಟ್ ಮುಗಿಸಿದ ವರ್ಷವೇ, ಅಮೆರಿಕಕ್ಕೆ ಹೊರಟರು. ಆ ವರ್ಷವೇ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾದರು. ಕನ್ನಂಬಾಡಿ ಕಟ್ಟೆಯ ಕೆಲಸ ಆಗಷ್ಟೇ ಶುರುವಾಗಿತ್ತು. ಟೆರ್ಜಾಗಿ ಅಮೆರಿಕದ ದೊಡ್ಡ ಅಣೆಕಟ್ಟುಗಳ ಜಾಗಗಳನ್ನೆಲ್ಲ ತಿರುಗಿ, ನೋಡಿದ್ದನ್ನೆಲ್ಲ ಬರೆದುಕೊಂಡು, 1913ರ ಕೊನೆಗೆ ಬೇಸರದಿಂದ ವಾಪಸಾದರು. ಎಷ್ಟು ನೋಡಿದರೂ ನಿಯಮ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಸೈನ್ಯದಲ್ಲಿದ್ದ ಅವರನ್ನು 1916ರಲ್ಲಿ ಇಸ್ತಾಂಬುಲ್‌ನ ಎಂಜಿನಿಯರಿಂಗ್ ಶಾಲೆಗೆ ಪಾಠ ಹೇಳಲು ಕಳಿಸಿದರು. 1918ರಲ್ಲಿ ಅವರ ದೇಶ ಯುದ್ಧದಲ್ಲಿ ಸೋತಿತು. ಕೆಲಸ ಹೋಯಿತು. ಪರದೇಶದಲ್ಲಿ, ಸೋತ ದೇಶದ ಮನುಷ್ಯನಾಗಿ, ಕೈಯಲ್ಲಿ ಕಾಸಿಲ್ಲದೆ ನಿಂತರು. ಅದೇ ಊರಿನಲ್ಲಿ ಅಮೆರಿಕನ್ನರು ನಡೆಸುತ್ತಿದ್ದ ರಾಬರ್ಟ್ ಕಾಲೇಜು ಅವರಿಗೆ ಮೇಷ್ಟ್ರ ಕೆಲಸ ಕೊಟ್ಟಿತು.

ಅಲ್ಲಿ ಪ್ರಯೋಗಾಲಯವಿರಲಿಲ್ಲ, ಮಾಡಿಕೊಳ್ಳಲು ಹಣವೂ ಇರಲಿಲ್ಲ. ಚುರುಟಿನ ಖಾಲಿ ಪೆಟ್ಟಿಗೆ, ಅಡುಗೆಮನೆಯ ಸಾಮಾನು, ಕಾಲೇಜಿನ ಗುಜರಿಯಲ್ಲಿ ಸಿಕ್ಕ ತುಂಡುಗಳು ಇವನ್ನೇ ಜೋಡಿಸಿ ಯಂತ್ರಗಳನ್ನು ಮಾಡಿಕೊಂಡರು. ಒದ್ದೆ ಜೇಡಿಮಣ್ಣನ್ನು ಉಂಗುರದೊಳಗೆ ತುಂಬಿ, ಮೇಲೆ ಭಾರ ಹೇರಿ, ದಿನಗಟ್ಟಲೆ ಕೂತು ಅದು ಎಷ್ಟು ಕುಗ್ಗಿತೆಂದು ಅಳೆದರು. ಅಮೆರಿಕವೆಲ್ಲ ಸುತ್ತಿದರೂ ಸಿಗದ ನಿಯಮ ಈ ಚುರುಟಿನ ಪೆಟ್ಟಿಗೆಯಲ್ಲಿ ಸಿಕ್ಕಿತು. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಒಡೆದ ಬೀಕರುಗಳೇ ಹೆಚ್ಚಿದ್ದ ಕಾಲ ನೆನಪಿರುವವರು ಈ ಸಂಗತಿಯನ್ನು ಮಕ್ಕಳಿಗೆ ಹೇಳಬೇಕು.

ಆ ನಿಯಮವೇನೆಂದು ನಮ್ಮ ಮನೆಯ ಉದಾಹರಣೆಯಿಂದಲೇ ಹೇಳುತ್ತೇನೆ. ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಮೇಲೆ ಕಲ್ಲು ಇಡುತ್ತೇವೆ. ಕಲ್ಲು ಇಟ್ಟ ಕ್ಷಣಕ್ಕೆ ಮೊಸರು ಗಟ್ಟಿಯಾಗುವುದಿಲ್ಲ. ಮೊದಲು ಕಲ್ಲಿನ ಭಾರವನ್ನು ಒಳಗಿನ ನೀರು ಹೊರುತ್ತದೆ. ನೀರು ತೊಟ್ಟು ತೊಟ್ಟಾಗಿ ಹೊರಬಿದ್ದ ಹಾಗೆ ಭಾರ ಮೊಸರಿನ ಮೇಲೆ ಕೂರುತ್ತದೆ, ಅದು ಗಟ್ಟಿಯಾಗುತ್ತದೆ. ಮಣ್ಣೂ ಹೀಗೆಯೇ. ಮೇಲಿನ ಒಟ್ಟು ಭಾರವನ್ನು ಇಬ್ಬರು ಹಂಚಿಕೊಂಡು ಹೊರುತ್ತಾರೆ: ಒಬ್ಬರು ಮಣ್ಣಿನ ಕಣಗಳು, ಇನ್ನೊಬ್ಬರು ಕಣಗಳ ನಡುವಿನ ನೀರು. ಕಟ್ಟಡಕ್ಕೆ ಬೇಕಾದ ಬಲ ಬರುವುದು ಕಣಗಳು ಹೊತ್ತ ಪಾಲಿನಿಂದ ಮಾತ್ರ. ನೀರಿಗೆ ಒತ್ತಡವಿರುತ್ತದೆ, ಹಿಡಿತವಿರುವುದಿಲ್ಲ. ಒಟ್ಟು ಭಾರ ನೂರು ಎಂದುಕೊಳ್ಳಿ. ನೀರು ನಲವತ್ತು ಹೊತ್ತರೆ ಕಣಗಳ ಪಾಲು ಅರವತ್ತು. ಆ ಅರವತ್ತೇ ಪರಿಣಾಮಕಾರಿ ಒತ್ತಡ. ಇಷ್ಟೇ ನಿಯಮ. 1925ರಲ್ಲಿ ವಿಯೆನ್ನಾದಲ್ಲಿ ಅವರ ಜರ್ಮನ್ ಪುಸ್ತಕ ಪ್ರಕಟವಾದಾಗ ಮಣ್ಣಿನ ವಿಜ್ಞಾನಕ್ಕೆ ಹೊಸ ಬಾಗಿಲು ತೆರೆಯಿತು. ಆ ವರ್ಷವೇ ಅಮೆರಿಕದ ಎಂಐಟಿ ಅವರನ್ನು ಕರೆಸಿಕೊಂಡಿತು.

ಈಗ ಭೂಕಂಪದ ವಿಷಯಕ್ಕೆ ಬರುತ್ತೇನೆ. ಸೇರಿನಲ್ಲಿ ರಾಗಿ ತುಂಬಿ ನೆಲಕ್ಕೆ ಎರಡು ಸಲ ಕುಟ್ಟಿದರೆ ರಾಗಿ ಇಳಿಯುತ್ತದೆ, ಇನ್ನೊಂದು ಹಿಡಿ ಹಿಡಿಸುತ್ತದೆ. ಅಂಗಡಿಯವನು ಕುಟ್ಟುವುದಿಲ್ಲ, ಕೊಳ್ಳುವವನು ಬಿಡುವುದಿಲ್ಲ! ಸಡಿಲ ಮರಳೂ ಅಲುಗಿದರೆ ಹೀಗೆಯೇ ಇಳಿಯಲು ನೋಡುತ್ತದೆ. ಒಣ ಮರಳಾದರೆ ಇಳಿದು ಸುಮ್ಮನಾಗುತ್ತದೆ. ಆದರೆ ಕಣಗಳ ಸಂದಿಯಲ್ಲೆಲ್ಲ ನೀರು ತುಂಬಿದ್ದರೆ? ಇಳಿಯಬೇಕಾದರೆ ನೀರು ಜಾಗ ಬಿಡಬೇಕು. ಭೂಕಂಪದ ಅಲುಗಾಟ ಕೆಲವು ಸೆಕೆಂಡುಗಳದ್ದು, ಅಷ್ಟರಲ್ಲಿ ನೀರು ಓಡಿಹೋಗಲಾರದು. ಕಣಗಳು ಕೈಬಿಟ್ಟ ಭಾರ ನೀರಿನ ತಲೆಗೆ ಬರುತ್ತದೆ. ಒಂದೊಂದು ಅಲುಗಾಟಕ್ಕೂ ನೀರಿನ ಪಾಲು ನಲವತ್ತರಿಂದ ಅರವತ್ತು, ಎಂಬತ್ತು ಎಂದು ಏರಿ ಕೊನೆಗೆ ನೂರಕ್ಕೆ ಮುಟ್ಟುತ್ತದೆ. ಆಗ ಕಣಗಳ ಪಾಲು ಸೊನ್ನೆ. ಒಂದು ಕಣ ಇನ್ನೊಂದನ್ನು ಹಿಡಿದುಕೊಂಡಿರುವುದಿಲ್ಲ. ನಿಂತ ನೆಲ ಆ ಹೊತ್ತಿಗೆ ಅಂಬಲಿಯಾಗುತ್ತದೆ. ಮೇಲಿನ ಭಾರವಾದ ಮನೆ ಮುಳುಗುತ್ತದೆ ಅಥವಾ ವಾಲುತ್ತದೆ. ನೆಲದೊಳಗೆ ಹೂತ ಹಗುರವಾದ ಖಾಲಿ ತೊಟ್ಟಿ ತೇಲಿ ಮೇಲೆ ಬರುತ್ತದೆ. ಒತ್ತಡದ ನೀರು ನೆಲ ಸೀಳಿ, ಮರಳನ್ನೂ ಹೊತ್ತು ಚಿಮ್ಮುತ್ತದೆ. ಇದನ್ನು ಮಣ್ಣಿನ ದ್ರವೀಕರಣ ಎನ್ನುತ್ತಾರೆ. ಇದಕ್ಕೆ ಮೂರೂ ಸೇರಬೇಕು: ಸಡಿಲ ಮರಳು, ತುಂಬಿದ ನೀರು, ಜೋರಾದ ಅಲುಗಾಟ. ಮೂರರಲ್ಲಿ ಒಂದಿಲ್ಲದಿದ್ದರೂ ದ್ರವೀಕರಣವಿಲ್ಲ. ಜೇಡಿಮಣ್ಣಿನ ಕಣಗಳಿಗೆ ಅಂಟು ಇರುವುದರಿಂದ ಅದು ಹೀಗೆ ಸುಲಭವಾಗಿ ಕರಗುವುದಿಲ್ಲ.

ಬಾಲ್ಯದಲ್ಲಿ ನಾವು ಇದನ್ನು ಗೊತ್ತಿಲ್ಲದೆಯೇ ಮಾಡಿದ್ದೇವೆ. ಶಾಲೆ ಬಿಟ್ಟ ಮೇಲೆ ಕೆರೆಯಂಚಿನ ಒದ್ದೆ ಮರಳಿನ ಮೇಲೆ ನಿಂತು ಪಟಪಟ ಕಾಲು ಬಡಿಯುತ್ತಿದ್ದೆವು. ಗಟ್ಟಿಯಾಗಿದ್ದ ಮರಳು ಮೆತ್ತಗಾಗಿ, ನೀರು ಮೇಲೆ ಬಂದು, ಹರಡಿನವರೆಗೂ ಕಾಲು ಹೂತುಹೋಗುತ್ತಿತ್ತು. ಯಾರು ಹೆಚ್ಚು ಆಳಕ್ಕೆ ಹೋದರು ಎಂಬುದೇ ಪಂದ್ಯ.

ಟೆರ್ಜಾಗಿಯವರ ಬದುಕಿನಲ್ಲಿ ಹಿತವಲ್ಲದ ಅಧ್ಯಾಯವೂ ಇದೆ. 1929ರಲ್ಲಿ ಅವರು ವಿಯೆನ್ನಾದ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಮರಳಿದರು. ಮಾರನೆಯ ವರ್ಷ ರೂತ್ ಡಾಗೆಟ್ ಎಂಬ ಭೂವಿಜ್ಞಾನಿಯನ್ನು ಮದುವೆಯಾದರು. 1936ರಲ್ಲಿ ಹಾರ್ವರ್ಡ್‌ನಲ್ಲಿ ನಡೆದ ಮಣ್ಣಿನ ಯಂತ್ರಶಾಸ್ತ್ರದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅದೇ ವರ್ಷ ಅವರ ಸಹೋದ್ಯೋಗಿ ಪೌಲ್ ಫಿಲುಂಗರ್, ಈ ಸಿದ್ಧಾಂತವೇ ತಪ್ಪು ಎಂದು ಕಟುವಾದ ಪುಸ್ತಿಕೆ ಬರೆದರು. ವಿಚಾರಣಾ ಸಮಿತಿ ಟೆರ್ಜಾಗಿಯವರ ಪರವಾಗಿ ನಿಂತಿತು. 1937ರ ಮಾರ್ಚ್‌ನಲ್ಲಿ ಫಿಲುಂಗರ್ ಮತ್ತು ಅವರ ಪತ್ನಿ ಪ್ರಾಣ ಕಳೆದುಕೊಂಡರು. ನೀರು ತುಂಬಿದ ರಂಧ್ರಮಯ ವಸ್ತುಗಳ ಬಗ್ಗೆ ಫಿಲುಂಗರ್ ಕೂಡ ಮುಂದಾಲೋಚನೆಯ ಕೆಲಸ ಮಾಡಿದ್ದರೆಂದು ಬಹಳ ಕಾಲದ ಮೇಲೆ ವಿದ್ವಾಂಸರು ಒಪ್ಪಿದರು. ದೊಡ್ಡವರ ಜಗಳದಲ್ಲಿ ಗೆದ್ದವರ ಕೈಗೂ ಏನೂ ಉಳಿಯುವುದಿಲ್ಲ ಎಂದು ಇದನ್ನು ಓದಿದಾಗಲೆಲ್ಲ ನನಗೆ ಅನಿಸುತ್ತದೆ.

1938ರಲ್ಲಿ ಅವರು ಅಮೆರಿಕಕ್ಕೆ ಹೋಗಿ ಹಾರ್ವರ್ಡ್ ಸೇರಿದರು. ಶಿಕಾಗೋ ನಗರದ ಸುರಂಗ ರೈಲಿಗೆ ಸಲಹೆಗಾರರಾದರು. ಕೆನಡಾದಲ್ಲಿ ಕೆಟ್ಟ ನೆಲದ ಮೇಲೆ ನಿಲ್ಲಿಸಿದ ಒಂದು ಅಣೆಕಟ್ಟಿಗೆ ಈಗ ಅವರದೇ ಹೆಸರಿದೆ. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘದ ನಾರ್ಮನ್ ಪದಕ ನಾಲ್ಕು ಸಲ ಬಂತು. ಆದರೆ ನನಗೆ ಹೆಚ್ಚು ಮುಖ್ಯವಾದದ್ದು ಪದಕವಲ್ಲ, ಒಂದು ರಾಜೀನಾಮೆ. ಈಜಿಪ್ಟಿನ ಆಸ್ವಾನ್ ಹೈ ಡ್ಯಾಮಿನ ಸಲಹಾ ಮಂಡಳಿಗೆ ಅವರು ಅಧ್ಯಕ್ಷರಾಗಿದ್ದರು. ಕೆಲಸದ ಉಸ್ತುವಾರಿ ವಹಿಸಿಕೊಂಡ ರಷ್ಯನ್ ಎಂಜಿನಿಯರುಗಳ ಜೊತೆ ಭಿನ್ನಾಭಿಪ್ರಾಯ ಬಂದಾಗ 1959ರಲ್ಲಿ ಆ ಸ್ಥಾನ ಬಿಟ್ಟರು. ಆಗ ಅವರ ವಯಸ್ಸು ಎಪ್ಪತ್ತೈದು ದಾಟಿತ್ತು.

1963ರ ಅಕ್ಟೋಬರ್ 25ರಂದು ಅವರು ತೀರಿಕೊಂಡರು. ಮುಂದಿನ ಎಂಟು ತಿಂಗಳಲ್ಲೇ ಭೂಮಿ ಅವರ ಪಾಠವನ್ನು ಎರಡು ಸಲ ಓದಿ ತೋರಿಸಿತು. 1964ರ ಮಾರ್ಚ್ 27ರಂದು ಅಲಾಸ್ಕದಲ್ಲಿ 9.2 ತೀವ್ರತೆಯ ಭೂಕಂಪ. ಇಡೀ ಬಡಾವಣೆಗಳೇ ಜಾರಿದವು. ಜೂನ್ 16ರಂದು ಜಪಾನಿನ ನೀಗಾಟದಲ್ಲಿ 7.5 ತೀವ್ರತೆಯ ಭೂಕಂಪ. ಅಲ್ಲಿ ಕಾವಾಗಿಶಿ-ಚೋ ಎಂಬಲ್ಲಿ ನಾಲ್ಕು ಅಂತಸ್ತಿನ ವಸತಿ ಕಟ್ಟಡಗಳು ಒಡೆಯದೆ, ಇಡಿಯಾಗಿ ವಾಲಿದವು. ಒಂದಂತೂ ಹೆಚ್ಚುಕಡಿಮೆ ಮಗ್ಗುಲಿಗೇ ಮಲಗಿತು. ಕೆಲವೇ ವಾರಗಳ ಹಿಂದೆ ಮುಗಿದಿದ್ದ ಶೋವಾ ಸೇತುವೆ ಕುಸಿಯಿತು. ಹಾನಿ ಹೆಚ್ಚಾದದ್ದು ಶಿನಾನೋ ನದಿಯ ಹಳೆಯ ಪಾತ್ರವನ್ನು ತುಂಬಿಸಿ ಮಾಡಿದ ಜಾಗಗಳಲ್ಲಿ. ಅಲ್ಲಿಂದ ಈ ವಿಷಯದ ಅಧ್ಯಯನ ಜೋರಾಯಿತು. ಬರ್ಕ್ಲಿಯ ಬೋಲ್ಟನ್ ಸೀಡ್ ಮತ್ತು ಇದ್ರಿಸ್ 1971ರಲ್ಲಿ, ಯಾವ ನೆಲ ದ್ರವವಾದೀತೆಂದು ಅಂದಾಜು ಮಾಡುವ ಸರಳ ವಿಧಾನ ಕೊಟ್ಟರು. ಆ ವಿಧಾನಕ್ಕೆ ಬೇಕಾದ ಮುಖ್ಯ ಅಂಕಿ ಯಾವುದು ಗೊತ್ತೇ? ಅದೇ ಠಣ್ ಠಣ್ ಪೆಟ್ಟಿನ ಲೆಕ್ಕ.

ನಮ್ಮ ದೇಶಕ್ಕೂ ಇದು ಹೊಸತಲ್ಲ. 1934ರ ಜನವರಿ 15ರ ಬಿಹಾರ ಭೂಕಂಪದಲ್ಲಿ ಸೀತಾಮಢಿ, ಮೋತಿಹಾರಿ, ಮಧುಬನಿ ಕಡೆ ಮನೆಗಳು ನೆಲಕ್ಕಿಳಿದವು. ಹೊಲ ಬಾವಿಗಳಲ್ಲಿ ಮರಳು ತುಂಬಿತು. 2001ರ ಜನವರಿ 26ರ ಬೆಳಿಗ್ಗೆ, ದೇಶದ ಶಾಲೆಗಳಲ್ಲೆಲ್ಲ ಬಾವುಟ ಹಾರುತ್ತಿದ್ದ ಹೊತ್ತಿಗೆ, ಕಛ್ ನಡುಗಿತು. ರಣ್ ಪ್ರದೇಶದ ಒಣ ನೆಲದಲ್ಲಿ ನೀರು ಮರಳು ಚಿಮ್ಮಿತು. ಚಾಂಗ್, ಶಿವ್‌ಲಖಾ, ಫತೇಗಢ ಮುಂತಾದ ಮಣ್ಣಿನ ಕಟ್ಟೆಗಳು ಬಿರಿದು ಕುಸಿದವು. ಬರಗಾಲದಿಂದ ಜಲಾಶಯಗಳಲ್ಲಿ ನೀರು ಕಡಿಮೆಯಿತ್ತು, ಅದರಿಂದ ಪ್ರವಾಹ ತಪ್ಪಿತು. ಆದರೆ ಕಟ್ಟೆಯ ಬುಡದ ಮೆಕ್ಕಲು ಮಣ್ಣು ಆಗಲೂ ನೆನೆದೇ ಇತ್ತು. ಕೆರೆ ಏರಿಯ ಮೇಲೆ ಓಡಾಡಿ ಬೆಳೆದ ನಮಗೆ ಈ ಸುದ್ದಿ ದೂರದ್ದೆನಿಸಬಾರದು.

ನಮ್ಮಲ್ಲಿ ಹೇಗೆ? ಹೆದರಿಸುವುದು ನನ್ನ ಉದ್ದೇಶವಲ್ಲ. 2002ರ ಭೂಕಂಪ ನಕ್ಷೆಯಲ್ಲಿ ಬೆಂಗಳೂರು ಎರಡನೆಯ ವಲಯದಲ್ಲಿದೆ, ಅದೇ ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯ. ನಮ್ಮ ಬಹುಪಾಲು ನೆಲ ಕೆಮ್ಮಣ್ಣು, ಅದರ ಕೆಳಗೆ ಕೊಳೆತ ಕಲ್ಲು, ಅದರ ಕೆಳಗೆ ಗಟ್ಟಿ ಬಂಡೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ಜಿ. ಸೀತಾರಾಮ್ ಮತ್ತು ಪಿ. ಅನ್ಬಳಗನ್ ಅವರು ಆಗಿನ ಮಹಾನಗರ ಪಾಲಿಕೆಯ 220 ಚದರ ಕಿ.ಮೀ. ವ್ಯಾಪ್ತಿಯ ನೆಲವನ್ನು ಅಧ್ಯಯನ ಮಾಡಿದರು. ಬೆಂಗಳೂರು ಒಟ್ಟಾರೆ ದ್ರವೀಕರಣದಿಂದ ಸುರಕ್ಷಿತ. ಆದರೆ ಮರಳು ಮಿಶ್ರಿತ ಹೂಳು ಇದ್ದು ನೀರು ಮೇಲ್ಮಟ್ಟದಲ್ಲೇ ಇರುವ ಕೆಲವು ಜಾಗಗಳು ಇದಕ್ಕೆ ಹೊರತು ಎಂದು ಅವರು ಕಂಡುಕೊಂಡರು. ಇಲ್ಲಿ ಎರಡು ಮಾತು ಸೇರಿಸಬೇಕು. ಮೊದಲನೆಯದು, ಕಾಡುಗೋಡಿ ನಗರ ಪಾಲಿಕೆಗೆ ಸೇರಿದ್ದೇ 2007ರಲ್ಲಿ. ಆ 220 ಚದರ ಕಿ.ಮೀ.ಯೊಳಗೆ ನಾವಿರಲಿಲ್ಲ. ಎರಡನೆಯದು, ಬೆಂಗಳೂರಿನವರಿಗೆ ಕೆರೆ ಮುಚ್ಚುವ ಅಭ್ಯಾಸ ಹಳೆಯದು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಕೆರೆ ಮುಚ್ಚಿದರೂ ಅದಕ್ಕೆ ನೀರು ಬರುವ ದಾರಿ ಭೂಮಿಯೊಳಗೆ ಮುಚ್ಚುವುದಿಲ್ಲ.

ಇನ್ನು ನನ್ನ ಕಥೆ. ಕೆಲಸಕ್ಕೆ ಸೇರಿದ ಹೊಸತು. ನಮ್ಮ ಕಡೆಯೇ ಒಂದು ಹಳೆಯ ಕೆರೆಯಂಗಳದ ಪಕ್ಕ ಮಣ್ಣು ಪರೀಕ್ಷೆ. ಮೇಲೆ ಎರಡೂವರೆ ಮೀಟರ್ ಕಟ್ಟಡದ ಕಸ, ಅದರ ಕೆಳಗೆ ಗೋಡು, ಅದರ ಕೆಳಗೆ ಕಾಲುವೆ ತಂದು ಹಾಕಿದ ಮರಳು, ಅದರ ತುಂಬ ನೀರು. ಪೆಟ್ಟಿನ ಲೆಕ್ಕ 4 ಬಂತು. ನಾನೇ ಎಣಿಸಿ ಬರೆದೆ. ವರದಿ ಹೊರಬಂದಾಗ ಅದು 14 ಆಗಿತ್ತು. ಮುಂದೆ ಒಂದು ಒಂದು ಸೇರಿತ್ತು, ಅಷ್ಟೆ. ಆಳಕ್ಕೆ ಕಂಬ ಇಳಿಸುವ ಖರ್ಚು ಅದರಿಂದ ಉಳಿಯಿತು. ನಾನು ನೋಡಿದೆ, ಬಾಯಿ ಬಿಡಲಿಲ್ಲ. ತಂಗಿಯ ಮದುವೆ ಹತ್ತಿರವಿತ್ತು, ಸಂಬಳ ಬೇಕಿತ್ತು. ಆ ಕಟ್ಟಡದಲ್ಲಿ ಈಗ ಸಂಸಾರಗಳಿವೆ. ಸಂಜೆ ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತವೆ, ಮಕ್ಕಳು ಸೈಕಲ್ ಹೊಡೆಯುತ್ತವೆ. ನೆಲ ಅಲುಗದಿದ್ದರೆ ಏನೂ ಆಗದಿರಬಹುದು. ಭೂಕಂಪ ಕಾಣದ ನೆಲವೆಂದು ನಂಬಿದ್ದ ಲಾತೂರಿನ ಕಡೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆದದ್ದನ್ನು ನೆನೆದರೆ ಮಾತ್ರ ಆ ಬಾಲ್ಕನಿಗಳ ಕಡೆ ನೋಡಲಾರೆ.

ಆಮೇಲೆ ಟೆರ್ಜಾಗಿಯವರ ಜೀವನ ಚರಿತ್ರೆ ಓದಿದೆ. ಆಸ್ವಾನ್ ರಾಜೀನಾಮೆಯ ಪುಟಗಳನ್ನು ಎರಡು ಸಲ ಓದಿದೆ. ಕೆಲವು ವರ್ಷಗಳ ನಂತರ ಬೇರೊಂದು ಕಡೆ ಇಂಥದೇ ಸಂದರ್ಭ ಬಂತು. ಈ ಸಲ ಅಂಕಿ 6. ಅದನ್ನು 16 ಮಾಡುವುದಿಲ್ಲ ಎಂದೆ. ಕೆಲಸ ಹೋಯಿತು, ನಾಲ್ಕು ತಿಂಗಳು ಕಷ್ಟವಾಯಿತು. ಆದರೆ ಆ ಸೈಟಿನವರು ಬೇರೆಯವರಿಂದ ಮತ್ತೊಮ್ಮೆ ಪರೀಕ್ಷೆ ಮಾಡಿಸಿ, ಗಟ್ಟಿ ನೆಲದವರೆಗೆ ಕಂಬ ಇಳಿಸಿ ಕಟ್ಟಿದರೆಂದು ತಿಳಿಯಿತು. ಮೊದಲನೆಯದಕ್ಕೆ ಇದು ಪ್ರಾಯಶ್ಚಿತ್ತವಾಗುವುದಿಲ್ಲ. ಆದ್ದರಿಂದಲೇ ನನ್ನ ಊರಿನವರ ಮುಂದೆ, ನಮ್ಮ ಶಾಲೆಯ ಪುಸ್ತಕದಲ್ಲಿ, ಎರಡನ್ನೂ ಬರೆಯುತ್ತಿದ್ದೇನೆ.

ಕಾಡುಗೋಡಿಗೆ ಮೆಟ್ರೋ ಬಂದಿದೆ. ಜಾಗಕ್ಕೆ ಚಿನ್ನದ ಬೆಲೆ ಬಂದಿದೆ. ನಮ್ಮ ಜನ ಸೈಟು ಮಾರುತ್ತಾರೆ, ಕೊಳ್ಳುತ್ತಾರೆ, ಮನೆ ಕಟ್ಟಿ ಬಾಡಿಗೆ ಬಿಡುತ್ತಾರೆ. ನನ್ನದು ಒಂದೇ ಬಿನ್ನಹ. ಕಟ್ಟುವ ಮೊದಲು ಊರಿನ ಹಿರಿಯರನ್ನು ಕೇಳಿ, ಆ ಜಾಗ ಮೊದಲು ಹೊಲವೋ ಗದ್ದೆಯೋ ಕೆರೆಯಂಗಳವೋ ಎಂದು. ಮಣ್ಣು ಪರೀಕ್ಷೆ ಮಾಡಿಸಿ. ಮಾಡಿಸುವಾಗ ನೀವೇ ಪಕ್ಕದಲ್ಲಿ ನಿಂತು ಪೆಟ್ಟು ಎಣಿಸಿ. ಅದಕ್ಕೆ ಎಂಜಿನಿಯರಿಂಗ್ ಬೇಕಿಲ್ಲ, ನಮ್ಮ ಶಾಲೆಯಲ್ಲಿ ಕಲಿತ ಮಗ್ಗಿ ಸಾಕು. ಸಡಿಲ ನೆಲ ಸಿಕ್ಕಿದರೆ ಎದೆಗುಂದಬೇಡಿ. ಅದನ್ನು ತೆಗೆದು ಬೇರೆ ಮಣ್ಣು ದಮ್ಮಸ್ಸು ಮಾಡಬಹುದು, ಕುಟ್ಟಿ ಗಟ್ಟಿ ಮಾಡಬಹುದು, ಜಲ್ಲಿ ಕಂಬಗಳಿಂದ ನೀರಿಗೆ ದಾರಿ ಕೊಡಬಹುದು, ಕೆಳಗಿನ ಗಟ್ಟಿ ನೆಲಕ್ಕೆ ಭಾರ ಇಳಿಸಬಹುದು. ಗೊತ್ತಾದ ದೌರ್ಬಲ್ಯಕ್ಕೆ ಮದ್ದಿದೆ. ಮುಚ್ಚಿಟ್ಟದ್ದಕ್ಕೆ ಮಾತ್ರ ಇಲ್ಲ.

ಈ ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಪ್ರಯೋಗಾಲಯಕ್ಕೆ ಒಂದು ಗಾಜಿನ ತೊಟ್ಟಿ, ಒಂದು ಮೂಟೆ ಮರಳು, ಒಂದು ಇಟ್ಟಿಗೆ ಮತ್ತು ಒಂದು ಪಿಂಗ್‌ಪಾಂಗ್ ಚೆಂಡು ಕೊಟ್ಟಿದ್ದೇನೆ. ಮರಳನ್ನು ಸಡಿಲವಾಗಿ ತುಂಬಿ, ಚೆಂಡನ್ನು ಅದರೊಳಗೆ ಹೂತು, ನೀರು ಹಾಕಿ, ಮೇಲೆ ಇಟ್ಟಿಗೆಯನ್ನು ನಿಲ್ಲಿಸಿ ತೊಟ್ಟಿಯ ಪಕ್ಕ ತಟ್ಟಿದರೆ ಇಟ್ಟಿಗೆ ವಾಲುತ್ತದೆ, ಚೆಂಡು ಮೇಲೆ ಬರುತ್ತದೆ. ಚುರುಟಿನ ಪೆಟ್ಟಿಗೆಯಷ್ಟೇ ಅಗ್ಗದ ಸಾಮಾನು. ಮಕ್ಕಳು ಮಾಡಿ ನೋಡಲಿ. ಅವರಲ್ಲಿ ಒಬ್ಬರಾದರೂ ಮುಂದೆ ನನ್ನ ಕೆಲಸಕ್ಕೆ ಬಂದು, ನಾಲ್ಕು ಎಂದು ಎಣಿಸಿದ್ದನ್ನು ನಾಲ್ಕು ಎಂದೇ ಬರೆಯಲಿ ಎಂದು ಹಾರೈಸುತ್ತೇನೆ.